ಎಲೆ ಇದ್ದಾಗ ಮೋಡ, ಮೋಡ ಹೋದಾಗ ಎಲೆಯಿಲ್ಲ

ಕಾಡು ಬೆಳೆಸಿದವರಿಗೆ, ಕಾಡಿನ ಬಗ್ಗೆ ಬರೆದವರಿಗೆ, ಕಾಡಿನ ಪ್ರಾಣಿಗಳನ್ನು ಎಣಿಸಿದವರಿಗೆ ಅಭಿನಂದನ ಗ್ರಂಥಗಳು ಬಂದಿವೆ. ಕಡಿಯದೆ ಉಳಿದ ಕಾಡಿನಿಂದ ಏಳದೇ ಹೋದ ಹೊಗೆಯನ್ನು ಅಳೆದು, ಆ ಅಳತೆಯನ್ನು ಪರದೇಶದವರಿಗೆ ಒಪ್ಪಿಸುವುದರಲ್ಲಿ ಅರ್ಧ ಆಯುಷ್ಯ ಸವೆಸಿದವರಿಗೆ ಗ್ರಂಥ ಬಂದದ್ದನ್ನು ನಾವಂತೂ ಕಂಡಿಲ್ಲ. ಶ್ರೀಮಂತ ದೇಶಗಳು ಸೇರಿ ಒಂದು ನಿಧಿ ಕೂಡಿಸುವುದು, ಬಡ ದೇಶದವರು ಕಾಡು ಕಡಿಯುವುದನ್ನು ನಿಲ್ಲಿಸಿದರೆ ತಪ್ಪಿದ ಹೊಗೆಗೆ ತಕ್ಕಷ್ಟು ಹಣ ಅದರಿಂದ ಕೊಡುವುದು: ಹೇಳುವುದಕ್ಕೆ ಇಷ್ಟೇ. ಹೇಳುವುದಕ್ಕೂ ನಡೆಸುವುದಕ್ಕೂ ನಡುವಿನ ಕಂದಕದಲ್ಲಿ ನಿಂತು, ಎರಡು ದಡಗಳಿಗೂ ಕೂಗಿ ಕೂಗಿ ಸಾಕಾದವರು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಅರಣ್ಯ ಇಲಾಖೆಯ ಇಂಗಾಲ ವಿಭಾಗದ ಮುಖ್ಯಸ್ಥೆ. ಅವರ ಪದನಾಮ ಹೇಳಿ ಮುಗಿಸುವಷ್ಟರಲ್ಲಿ ಕೇಳುವವರಿಗೆ ಆಕಳಿಕೆ ಬರುತ್ತದೆ. ಗುಡ್ಡದ ಊರುಗಳಲ್ಲಿ ಅವರು ಬರೀ ‘ಅಳತೆ ಮೇಡಂ’.

ಮೇಡಂ ಅವರ ತಂದೆ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸದ ಹಲ್ಲು ಹರಿತ ಮಾಡುತ್ತಿದ್ದರು. ಮನೆಯ ಒಲೆಗೆ ಹೊಟ್ಟು, ಮಕ್ಕಳ ಶಾಲೆಗೆ ಶುಲ್ಕ, ಎರಡೂ ಬಿದ್ದ ಮರದಿಂದಲೇ ಬರುತ್ತಿದ್ದವು. ಮಗಳು ಅರಣ್ಯ ಇಲಾಖೆಗೆ ಸೇರಿದ ದಿನ ಆ ಹಿರಿಯರು, “ನಾನು ಕೊಯ್ದಿದ್ದನ್ನೆಲ್ಲ ನೀನು ಎಣಿಸೋಕೆ ಹೊರಟ್ಯಾ? ಮುಗಿಯಲ್ಲ ಬಿಡು ಮಗಳೇ” ಎಂದು ನಕ್ಕರಂತೆ. ಮೋಜಣಿ ಶಾಖೆಯಲ್ಲಿ ಬಹಳ ವರ್ಷ ಗುಡ್ಡ ಹತ್ತಿ ಇಳಿದ ಮೇಲೆ ಅವರನ್ನು ಆಗಷ್ಟೇ ತೆರೆದ ಇಂಗಾಲ ವಿಭಾಗಕ್ಕೆ ಹಾಕಿದರು. ಅದು ನೀರು ನೆರಳಿಲ್ಲದ ಜಾಗವೆಂದೇ ಇಲಾಖೆಯಲ್ಲಿ ಎಲ್ಲರ ಭಾವನೆ. ಕೋಣೆಯೂ ಹಾಗೆಯೇ ಇತ್ತು: ಹಿಂದೆ ಕಳ್ಳ ನಾಟಾ ಹಿಡಿದು ತಂದು ಒಟ್ಟುತ್ತಿದ್ದ ಉಗ್ರಾಣ, ಗೋಡೆಗೆ ಮೆತ್ತಿದ ಮರದಂಟಿನ ವಾಸನೆ, ಮಳೆಗಾಲದಲ್ಲಿ ಉಬ್ಬಿ ಮುಚ್ಚಲೊಲ್ಲದ ಕಿಟಕಿ, ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಫ್ಯಾನು.

ಆ ಕೋಣೆಯಲ್ಲಿ ಅವರ ಕೈಕೆಳಗೆ ದುಡಿದವರಿಗೆ ಅವರ ಉಪಕಾರದ ರೀತಿ ಗೊತ್ತು. ಹೊಸದಾಗಿ ಸೇರಿದ ಸಹಾಯಕಿಯೊಬ್ಬಳು ಮೊದಲ ಗುಡ್ಡದಲ್ಲೇ ಬೂಟು ಕಚ್ಚಿ ಕುಂಟತೊಡಗಿದಾಗ, ತಮ್ಮ ಹಳೆಯ ಬೂಟನ್ನು ಅವಳ ಕಾಲಿಗೆ ಹಾಕಿಸಿ, ಅವಳ ಹೊಸದನ್ನು ತಾವು ಹಾಕಿಕೊಂಡು ಸಂಜೆಯವರೆಗೆ ನಡೆದು, “ಈಗ ಮೆತ್ತಗಾಗಿದೆ, ತಗೋ” ಎಂದು ಹಿಂದಿರುಗಿಸಿದರು. ಜೀಪಿನ ಚಾಲಕರ ಕಣ್ಣಿಗೆ ಪೊರೆ ಬಂದಾಗ, ಅವರ ಕೆಲಸಕ್ಕೆ ಕುತ್ತು ಬಾರದಿರಲೆಂದು ಶಸ್ತ್ರಚಿಕಿತ್ಸೆ ಆಗುವ ತನಕ ಜೀಪನ್ನು ತಾವೇ ಓಡಿಸಿದರು. ಗೇರು ಬದಲಿಸಿದಾಗಲೆಲ್ಲ ಚಾಲಕರು ಪಕ್ಕದಲ್ಲಿ ಕೂತು ನರಳುತ್ತಿದ್ದುದನ್ನು ಕೇಳಿಸದವರಂತೆ ಸಹಿಸಿಕೊಂಡರು.

ಅವರ ಸೇವೆಯ ಸಾರವೆಲ್ಲ ಇರುವುದು ಗುಡ್ಡದ ನೆತ್ತಿಯ ಒಂದು ಊರಿನ ಸಂಗತಿಯಲ್ಲಿ. ಆ ಊರಿನ ಮನೆಮನೆಯೂ ಇದ್ದಲು ಸುಟ್ಟು ಬದುಕುತ್ತಿತ್ತು. ಮರ ಕಡಿದು, ಗೂಡು ಒಟ್ಟಿ, ಮಣ್ಣು ಮುಚ್ಚಿ, ಒಳಗೊಳಗೇ ಬೇಯಿಸಿ ಇದ್ದಲು ಮಾಡಿದರೆ ಸಾಹುಕಾರನ ಲಾರಿ ಬಂದು ಒಯ್ಯುತ್ತಿತ್ತು. ಊರಿನ ಅರಣ್ಯ ಸಮಿತಿಗೆ ಒಬ್ಬ ಹಿರಿಯ ಹೆಂಗಸು ಮುಖ್ಯಸ್ಥೆ. ಇಡೀ ಊರಿಗೇ ದೊಡ್ಡತ್ತೆ. ಮೊದಲ ಸಭೆಯಲ್ಲಿ ಆಕೆ ಮೇಡಂ ಅವರನ್ನು ಮೇಲಿಂದ ಕೆಳಗೆ ನೋಡಿದಳು.

“ಏಳದೇ ಇರೋ ಹೊಗೆಗೆ ದುಡ್ಡು ಕೊಡ್ತಾರಾ? ಯಾರಮ್ಮ ಅವರು, ತಲೆ ನೆಟ್ಟಗಿದೆಯಾ?”

“ಕೊಡ್ತಾರೆ ದೊಡ್ಡತ್ತೆ. ತಡವಾಗಿ ಕೊಡ್ತಾರೆ. ಕೊಡೋಕೆ ಮುಂಚೆ ರಾಶಿ ಕಾಗದ ಬರೀತಾರೆ.”

“ಆ ಕಾಗದ ನಮ್ಮಲ್ಲಿ ಯಾರು ಓದಬೇಕು?”

“ಬಂದಿದ್ದನ್ನೆಲ್ಲ ನಾನೇ ಇಲ್ಲಿಗೆ ಬಂದು ಓದ್ತೀನಿ. ಸಿಹಿಯಾದ್ರೂ ಸರಿ, ಕಹಿಯಾದ್ರೂ ಸರಿ, ಒಂದಕ್ಷರ ಬಿಡಲ್ಲ.”

ಆ ಮಾತಿನ ಮೇಲೆ ಊರು ಗೂಡುಗಳ ಬೆಂಕಿ ಆರಿಸಿತು. ಮೊದಲ ಕಂತು ಬಂತು; ಕಾವಲಿನವರಿಗೆ ಸಂಬಳವಾಯಿತು, ಮನೆಗೆರಡು ಮೇಕೆ ಬಂದವು, ಶಾಲೆಯ ಮಾಡು ಸೋರುವುದು ನಿಂತಿತು. ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ಆಕಾಶದಿಂದ ಅನಿಷ್ಟ ಬಂತು.

ಕಾಡು ಉಳಿದಿದೆಯೇ ಎಂದು ನಿಧಿಯವರು ನೋಡುವುದು ಉಪಗ್ರಹದ ಚಿತ್ರದಲ್ಲಿ. ಆ ಗುಡ್ಡದ್ದೋ ಬೇಸಿಗೆಯಲ್ಲಿ ಒಂದೆಲೆಯೂ ಉಳಿಯದಂತೆ ಉದುರಿ ನಿಲ್ಲುವ ಕಾಡು. ಮೊದಲ ಚಿತ್ರವನ್ನು ಅವರು ಹಸಿರು ತುಂಬಿದ ಕಾಲದಲ್ಲಿ ತೆಗೆದಿದ್ದರು, ಎರಡನೆಯದನ್ನು ನಡುಬೇಸಿಗೆಯಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಕಾಡು ಗಂಭೀರವಾಗಿ ನಾಶವಾಗಿದೆಯೆಂದು ತೀರ್ಮಾನಿಸಿ, ಮುಂದಿನ ಕಂತನ್ನು ತಡೆಹಿಡಿದರು. ಎಲೆ ಉದುರುವುದಕ್ಕೂ ಮರ ಉರುಳುವುದಕ್ಕೂ ವ್ಯತ್ಯಾಸ ಕಾಣದಷ್ಟು ಎತ್ತರದಿಂದ ಅವರು ನೋಡಿದ್ದರು.

ಮೇಡಂ ಮರಗಳ ಮುಂದೆ ನಿಂತು ತೆಗೆಸಿದ ಫೋಟೊಗಳನ್ನು ಕಳಿಸಿದರು. ನೆಲದ ಮೇಲಿನ ಫೋಟೊ ಅಂಗೀಕೃತ ವಿಧಾನದಲ್ಲಿಲ್ಲ ಎಂದು ಉತ್ತರ ಬಂತು. ಮಳೆಗಾಲದ ಚಿತ್ರ ನೋಡಿ ಎಂದು ಬರೆದರು; ನೋಡಿದರು, ಅದರಲ್ಲಿದ್ದದ್ದು ಮೋಡ. ಮೋಡ ಸರಿದು ಎಲೆ ಇನ್ನೂ ಮರದಲ್ಲೇ ಇರುವ ಕೆಲವು ವಾರಗಳಿವೆ, ಆಗ ತೆಗೆಯಿರಿ ಎಂದು ಬೇಡಿಕೊಂಡರು. ಬೇಡಿಕೆಯನ್ನು ಪರಿಗಣಿಸಲು ನಿಧಿಯ ಸಮಿತಿ ಸೇರಿ, ಸಂತೋಷದಿಂದ ಒಪ್ಪಿಗೆ ಕೊಡುವ ಹೊತ್ತಿಗೆ ಎಲೆಯೆಲ್ಲ ನೆಲದ ಮೇಲಿತ್ತು. ಕೊನೆಗೆ ಕಂಪ್ಯೂಟರಿನ ಪರದೆಯ ಮೇಲೆ ಒಬ್ಬ ವಿನಯವಂತ ಪರಿಶೀಲಕ ಕಾಣಿಸಿಕೊಂಡ. ನಮ್ಮ ಮಾತಿಗೆ ತಂದರೆ ಅವರ ಸಂವಾದ ಹೀಗಿತ್ತು:

“ಮರ ಬದುಕಿದೆ ಅನ್ನೋದಕ್ಕೆ ಆಧಾರ ಏನು ಮೇಡಂ?”

“ಮಳೆ ಬಿದ್ದ ಕೂಡಲೇ ಚಿಗುರುತ್ತೆ.”

“ಅದು ಊಹೆ ಆಯ್ತಲ್ವಾ?”

ಮೇಡಂ ಧ್ವನಿಯ ಗುಂಡಿ ಒತ್ತಿ ನಿಲ್ಲಿಸಿ, ಕೋಣೆಯಲ್ಲಿದ್ದ ನಮಗಷ್ಟೇ ಕೇಳುವಂತೆ ಒಂದು ಮಾತು ಹೇಳಿದರು. ಅದು ಅಭಿನಂದನ ಗ್ರಂಥಕ್ಕೆ ತಕ್ಕುದಲ್ಲ. ಬಳಿಕ ಗುಂಡಿ ಒತ್ತಿ, ಅಷ್ಟೇ ವಿನಯದಿಂದ, ಎಲೆ ಉದುರುವ ಮರಗಳೆಂದರೇನು ಎಂಬುದನ್ನು ಆರನೆಯ ತರಗತಿಯ ಪಾಠದಂತೆ ಮತ್ತೆ ಮೊದಲಿನಿಂದ ಹೇಳತೊಡಗಿದರು.

ಇನ್ನು ಉಳಿದದ್ದು ಕಂತು ತಡೆಹಿಡಿದ ಕಾಗದವನ್ನು ಊರಿಗೆ ಓದುವ ಕೆಲಸ. ಹೊರಡುವ ಮುನ್ನ ಉಪನಿರ್ದೇಶಕರು ಬಾಗಿಲ ಬಳಿ ತಡೆದು, “ತಾಂತ್ರಿಕ ತೊಂದರೆ ಅಂದ್ಬಿಡಿ. ಎಲ್ಲ ಹೇಳೋಕೆ ಹೋಗಿ ಯಾಕೆ ರಂಪ?” ಎಂದರು. “ಒಂದಕ್ಷರ ಬಿಡಲ್ಲ ಅಂದಿದ್ದೀನಿ ಸಾರ್” ಎಂದಷ್ಟೇ ಹೇಳಿ ಮೇಡಂ ಜೀಪು ಹತ್ತಿದರು. ಶಾಲೆಯ ಜಗಲಿಯ ಮೇಲೆ ಊರು ಕೂಡಿತ್ತು. ಕೆಳಗಿನ ತಿರುವಿನಲ್ಲಿ ಸಾಹುಕಾರನ ಖಾಲಿ ಲಾರಿ, ಯಾರೂ ಕರೆಯದಿದ್ದರೂ, ನಿಂತಿತ್ತು. ‘ಸ್ಥಳೀಯರು ಕದ್ದು ಕಡಿದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು’ ಎಂಬ ಸಾಲನ್ನೂ ಮೇಡಂ ಬಿಡದೆ ಓದಿದರು.

“ಕಡಿದು ಕಳ್ಳ ಅನ್ನಿಸ್ಕೊಂಡಿದ್ರೆ ಇದ್ದಲಾದ್ರೂ ಸಿಗ್ತಿತ್ತು!” ಎಂದು ಹಿಂದಿನಿಂದ ಒಬ್ಬ ಕೂಗಿದ.

“ತಲೆ ಬೋಳಿಸ್ಕೊಂಡೋನಿಗೆ ತಲೆನೇ ಇಲ್ಲ ಅಂದಂಗಾಯ್ತು” ಎಂದಳು ದೊಡ್ಡತ್ತೆ. ನಗು ಎದ್ದು ತಟ್ಟನೆ ಅಡಗಿತು. “ನೋಡು ತಾಯಿ, ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ಸಿಟ್ಟಿಲ್ಲ ಅಂತ ಹೊಟ್ಟೆ ತುಂಬಲ್ಲ. ಮುಂದಿನ ಸಲ ಎಲೆ ಉದುರೋವರೆಗೆ ಕಾಯ್ತೀವಿ. ಆಮೇಲೆ ಗೂಡು ಹಚ್ಚೋದೇ. ಬೇಕಿದ್ರೆ ಬಂದು ಆ ಹೊಗೆನೂ ಅಳ್ಕೊಂಡು ಹೋಗು.”

ಆ ವರ್ಷ ಮೇಡಂ ರಜೆ ತೆಗೆದುಕೊಳ್ಳಲಿಲ್ಲ. ಮಳೆಗೆ ಮೊದಲೇ ಅರ್ಜಿ ಬರೆದರು. ಅರ್ಜಿ ತಲುಪಿತೇ ಎಂದು ಬರೆದರು. ತಲುಪಿದೆ ಎಂಬ ಉತ್ತರಕ್ಕೆ ವಂದಿಸಿ, ಹಾಗಾದರೆ ಓದಿದಿರಾ ಎಂದು ಬರೆದರು. ನಿಧಿಯಲ್ಲಿ ಅಧಿಕಾರಿ ಬದಲಾದ. ಹೊಸಬನಿಗೆ ಎಲೆಯ ಪಾಠವನ್ನು ಮತ್ತೊಮ್ಮೆ ಹೇಳಿದರು. ಮೋಡ ಸರಿದು ಎಲೆ ಇನ್ನೂ ನಿಂತಿದ್ದ ಆ ಕಿರುಗಾಲದಲ್ಲಿ, ಕಡೆಗೂ, ಚಿತ್ರ ಬಿತ್ತು: ಗುಡ್ಡವಿಡೀ ಹಸಿರು. ಹಸಿರು ಹಸಿರೆಂದು ಒಪ್ಪಿಕೊಳ್ಳಲು ಅವರು ಮತ್ತಷ್ಟು ಕಾಲ ತೆಗೆದುಕೊಂಡರು. ಒಪ್ಪಿಗೆಯ ಕಾಗದ ಬಂದ ದಿನ ಕಚೇರಿಯ ಅಂಗಳದ ಮರವೇ ಅರ್ಧ ಬೋಳಾಗಿತ್ತು. ಜೀಪು ರಿಪೇರಿಯಲ್ಲಿತ್ತು. ಮೇಡಂ ಬಸ್ಸು ಹಿಡಿದು, ಬಸ್ಸು ನಿಲ್ಲುವ ಕಡೆಯಿಂದ ನಡೆದರು. ಒಣಗಿದೆಲೆ ಮೊಣಕಾಲುದ್ದ ಬಿದ್ದ ಏರಿನಲ್ಲಿ ಮತ್ತೆ ಮತ್ತೆ ಕತ್ತೆತ್ತಿ ಹೊಗೆ ಹುಡುಕುತ್ತ ಹತ್ತಿದರು.

ಹೊಗೆಯಿರಲಿಲ್ಲ. ಗೂಡಂತೂ ಇತ್ತು: ಹಸಿ ಮರ ಕಡಿದು, ಅಚ್ಚುಕಟ್ಟಾಗಿ ಒಟ್ಟಿ, ಮಣ್ಣು ಮೆತ್ತಿ, ಬಾಯಿ ಮಾತ್ರ ತೆರೆದು ಬಿಟ್ಟಿದ್ದರು. ದೊಡ್ಡತ್ತೆ ಅದರ ಪಕ್ಕದಲ್ಲೇ ಕೂತಿದ್ದಳು.

“ಬಂದ್ಯಾ? ಕಡ್ಡಿ ಗೀರೋದು ನಿನ್ನ ಕೈಲೇ ಆಗ್ಲಿ ಅಂತ ಕಾದಿದ್ವಿ.”

ಮೇಡಂ ಉಸಿರು ಸುಧಾರಿಸಿಕೊಂಡು ಕಾಗದ ಬಿಡಿಸಿ, ನಿಂತಲ್ಲೇ, ಕೊನೆಯ ಸಾಲಿನವರೆಗೆ ಓದಿದರು. ದುಡ್ಡು ಇನ್ನೂ ಹೊರಟಿಲ್ಲ ಎಂಬುದನ್ನೂ ಓದಿದರು. ಆಮೇಲೆ ದೊಡ್ಡತ್ತೆ ಎದ್ದು, ಗೂಡಿನ ಮಣ್ಣನ್ನು ಕಾಲಿಂದ ಒದ್ದು ಕೆಡವಿ, “ಸೌದೆ ಮನೆಮನೆಗೆ ಹಂಚ್ಕೊಳ್ರೋ” ಎಂದಳು.

“ಕಡಿದಿರೋ ಮರ ಬರ್ಕೋಬೇಕಾಗತ್ತೆ ದೊಡ್ಡತ್ತೆ. ಕಂತಲ್ಲಿ ಹಿಡೀತಾರೆ.”

“ಹಿಡೀಲಿ. ಇಲ್ಲಿ ಕಹಿ ಓದ್ತೀಯ, ಅಲ್ಲಿಗೆ ಬರೀ ಸಿಹಿ ಬರೆದ್ರೆ ಹೇಗೆ?”

ಮೇಡಂ ಬುಡಗಳನ್ನು ಒಂದೊಂದಾಗಿ ಅಳೆದು ಬರೆದುಕೊಂಡು ಇಳಿದರು. ಕಂತು ಕಡಿತವಾಗಿಯೇ ಬಂತು, ಆದರೂ ಬಂತು. ಅದರ ಹಿಂದೆಯೇ ಪ್ರಶ್ನೆಯೂ ಬಂತು: ಆ ಸೌದೆಯ ಗತಿಯೇನು? ಮೇಡಂ ಒಂದೇ ಪದದಲ್ಲಿ ‘ಅಡುಗೆ’ ಎಂದು ಉತ್ತರಿಸಿದರು. ಆ ಉತ್ತರ ಅಂಗೀಕೃತ ವಿಧಾನದಲ್ಲಿದೆಯೇ ಎಂದು ನಿಧಿಯವರು ಇಂದಿಗೂ ಪರಿಶೀಲಿಸುತ್ತಿದ್ದಾರೆ. ಮೂರನೆಯ ಕಂತು ಆ ಪರಿಶೀಲನೆಯ ಹಿಂದೆ ನಿಂತಿದೆ. ಮೇಡಂ ಅವರ ಕುರ್ಚಿಗೆ ಇಲಾಖೆ ಇನ್ನೂ ಯಾರನ್ನೂ ನೇಮಿಸಿಲ್ಲ.

ಈ ಗ್ರಂಥಕ್ಕೆ ಎರಡು ಮಾತು ಹೇಳಿ ಎಂದು ಕೇಳಿದಾಗ ದೊಡ್ಡತ್ತೆ ನಮ್ಮನ್ನೇ ಗದರಿದಳು: “ರಿಟೈರ್ ಆದ್ರೆ ಜೀಪು ಇಲ್ಲ, ಅಷ್ಟೇ ತಾನೆ? ಕಾಗದ ಬಂದ್ರೆ ಅವಳೇ ಓದಬೇಕು. ಬೇರೆ ಯಾರಾದ್ರೂ ಬಂದು ನಯವಾಗಿ ಮಾತಾಡಿದ್ರೆ ಅವತ್ತೇ ಗೂಡು ಹಚ್ತೀವಿ.” ಈ ಮಾತನ್ನು ತಲುಪಿಸಿದಾಗ ಮೇಡಂ ತಲೆಯ ಮೇಲೆ ಕೈಹೊತ್ತು, “ಇನ್ನೂ ಬಿಡಲ್ವಲ್ಲಪ್ಪ ಇವರು” ಎಂದು ಗೊಣಗಿ, ಬೆಳಗಿನ ಮೊದಲ ಬಸ್ಸು ಈಗ ಎಷ್ಟು ಹೊತ್ತಿಗಿದೆ ಎಂದು ಚಾಲಕರನ್ನು ಕೇಳಿದರು.

ನೂರು ವರ್ಷ ಬಾಳಲಿ ಎಂಬ ಹಾರೈಕೆ ಇಂಥ ಗ್ರಂಥಗಳಲ್ಲಿ ಅಲಂಕಾರಕ್ಕೆ ಬರುವುದುಂಟು. ನಿಧಿಯವರು ಉತ್ತರ ಬರೆಯುವ ವೇಗವನ್ನು ಬಲ್ಲ ನಾವು ಅದನ್ನು ಲೆಕ್ಕ ಹಾಕಿಯೇ ಹಾರೈಸುತ್ತಿದ್ದೇವೆ. ಅವರ ಮೊಣಕಾಲುಗಳಿಗೆ ಶಕ್ತಿಯಿರಲಿ, ಸಿಟ್ಟು ಹೀಗೆಯೇ ಚುರುಕಾಗಿರಲಿ, ಗುಡ್ಡದ ಮೇಲಿನ ಗೂಡುಗಳು ತಣ್ಣಗೇ ಇರಲಿ.