ಹಿಂದಿನ ಸೀಟಿನ ಉಳಿತಾಯ

ಬಸ್ಸಿನಲ್ಲಿ ವಾಂತಿ ಬರುವವರಿಗೆ ಒಂದು ಮಾತು ಹೇಳುತ್ತೇನೆ, ಕೇಳಿ: ಔಷಧಕ್ಕಿಂತ ಮೊದಲು ಕೂರುವ ಜಾಗ ನೋಡಿಕೊಳ್ಳಿ. ನನಗೆ ಇದು ತಿಳಿಯುವ ಹೊತ್ತಿಗೆ ವ್ಯಾಪಾರವೇ ಕೈಬಿಡುವ ಹಾಗಾಗಿತ್ತು.

ಆಗ ಗೋವಾದ ಝುವಾರಿನಗರದಲ್ಲಿ ಮನೆಮನೆಗೆ ಹೋಗಿ ಸೀರೆ ಮಾರುತ್ತಿದ್ದೆ. ಮಾಲು ಬೆಳಗಾವಿಯಿಂದ ತರಬೇಕು. ದಾರಿಯಲ್ಲಿ ಚೋರ್ಲಾ ಘಾಟಿನ ತಿರುವುಗಳು. ನಿಂಬೆಹಣ್ಣು ಮೂಸಿದೆ, ಹುಣಸೆಹಣ್ಣು ಚೀಪಿದೆ, ಯಾರೋ ಹೇಳಿದರೆಂದು ಪೇಪರ್ ಹಾಸಿ ಅದರ ಮೇಲೆ ಕೂತೆ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಏನು ತಾನೇ ಬಂದೀತು ಎಂದು ಉಪವಾಸವೂ ಇದ್ದೆ. ಪಿತ್ತ ಬಂತು. ಗುಳಿಗೆ ನುಂಗಿದ್ದೂ ಉಂಟು, ಆದರೆ ಘಾಟು ಶುರುವಾದ ಮೇಲೆ. ಅದೂ ಹೊರಗೆ ಬಿತ್ತು. ಇದೇ ಕೊನೆಯ ಸಲ, ಇನ್ನು ಮೊದಲಿನಂತೆ ಕಟ್ಟಡದ ಕೆಲಸಕ್ಕೆ ಹೋಗಿ ಸಿಮೆಂಟ್ ಬುಟ್ಟಿ ಹೊರುವುದೇ ಸೈ ಎಂದುಕೊಂಡು ಅವತ್ತು ಬೆಳಗಾವಿಯಲ್ಲಿ ಬಸ್ ಹತ್ತಿದ್ದೆ.

ಕೂತದ್ದು ಎಂದಿನಂತೆ ಕಟ್ಟಕಡೆಯ ಸೀಟಿನಲ್ಲಿ. ಅಲ್ಲಿ ಸೀರೆಗಂಟನ್ನು ಕಾಲಡಿ ತುರುಕಿದರೆ ಲಗೇಜ್ ಟಿಕೆಟ್ ತಪ್ಪುತ್ತದೆ ಎಂಬ ಜಾಣತನ ನನ್ನದು. ಘಾಟು ಇಳಿಯತೊಡಗಿದ್ದೇ ತಡ, ಕಿಟಕಿಗೆ ಮುಖ ಹಚ್ಚಿದೆ.

"ಏನ್ರಿ ಅಕ್ಕಾರ, ಲಗೇಜ್ ಉಳಿಸಾಕ ಹೋಗಿ ಹೊಟ್ಯಾಗಿಂದೆಲ್ಲಾ ಕಳಕೊಳ್ಳಾಕತ್ತೀರಲ್ಲ!" ಎಂದ ಕಂಡಕ್ಟರ್.

ಬಸ್ಸೆಲ್ಲ ನಕ್ಕಿತು. ನಗದಿದ್ದವಳು ಎಲ್ಲರಿಗಿಂತ ಮುಂದೆ, ಡ್ರೈವರ್ ಹತ್ತಿರದ ಸೀಟಿನಲ್ಲಿದ್ದ ಒಬ್ಬ ಅಜ್ಜಿ. ಕಂಬಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಏಳವ್ವಾ, ನನ್ನ ಸೀಟಿನ್ಯಾಗ ಹೋಗಿ ಕುಂದ್ರು."

"ಗಂಟು ಐತಿ, ಆಯಿ."

"ಗಂಟು ನಾ ಕಾಯ್ತೇನಿ. ಅದಕ್ಕೇನ್ ವಾಂತಿ ಬರ್ತೈತೇನು? ದೂರದ ರೋಡ್ ನೋಡು, ಮೊಬೈಲ್ ತಗೀಬ್ಯಾಡ." ಕೈಗೆ ಅರ್ಧ ಒಣರೊಟ್ಟಿ ಇಟ್ಟಳು. "ಸಣ್ಣಾಗಿ ಕಡಕೋತ ಹೋಗು. ಗುಳಿಗಿ ಮುಂದಿನ ಸಲ ಬಸ್ ಹತ್ತೂಕಿಂತ ಅರ್ಧ ತಾಸು ಮೊದಲ ನುಂಗು."

ಮುಂದೆ ಕೂತರೆ ತಿರುವು ಮೊದಲೇ ಕಾಣುತ್ತದೆ, ಮೈ ಸಿದ್ಧವಾಗಿರುತ್ತದೆ. ಹೊಟ್ಟೆ ನಿಧಾನವಾಗಿ ತಣ್ಣಗಾಯಿತು. ಹಿಂದೆ ಅಜ್ಜಿಯ ದನಿ ಕೇಳುತ್ತಿತ್ತು: "ನಕ್ಕಿದ್ದು ಸಾಕಪಾ, ನಿನ್ನ ಡ್ರೈವರ್‌ಗ ಮೆಲ್ಲಕ ಹೊಡಿ ಅಂತ ಹೇಳು."

ಫೋಂಡಾದಲ್ಲಿ ಆಕೆ ಇಳಿಯಲು ಎದ್ದಾಗ ಹಿಂದೆ ಹೋಗಿ ಗಂಟು ಬಿಚ್ಚಿ ಒಂದು ಸೀರೆ ಮುಂದೆ ಹಿಡಿದೆ. ಎಷ್ಟು ಒತ್ತಾಯಿಸಿದರೂ ಮುಟ್ಟಲಿಲ್ಲ.

"ಮಾರಾಕ ತಂದೀದಿ, ಮಾರು."

ಮಾರಿದೆ. ಮುಂದಿನ ವಾರ ಮತ್ತೆ ಬೆಳಗಾವಿಗೆ ಹೋದೆ, ಗುಳಿಗೆ ಹೊತ್ತಿಗೆ ಸರಿಯಾಗಿ ನುಂಗಿ, ಮುಂದಿನ ಸೀಟು ಹಿಡಿದು. ಇವತ್ತು ವಾಸ್ಕೋದಲ್ಲಿ ನನ್ನದೇ ಅಂಗಡಿಯಿದೆ. ಆ ತಾಯಿ ಯಾರೋ, ಎಲ್ಲಿದ್ದಾಳೋ, ತಣ್ಣಗಿರಲಿ.