ಅಂಟಕ್ಕನ ಕೊನೆಯ ಕಪಾಟು

ಅಂಟಕ್ಕ ಏಳನೇ ಕ್ಲಾಸಿನಾಚೆ ಓದಿದವರಲ್ಲ. ಬೆಳಿಗ್ಗೆ ಆರಕ್ಕೇ ಕಾಲೇಜಿನ ಸಸ್ಯಸಂಗ್ರಹದ ಕೋಣೆಯಲ್ಲಿ ಕೂತು, ಒದ್ದೆಯಾಗಿ ಮೆತ್ತಿಕೊಂಡ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾರೆ. ಕೆಲವು ಬಿಡಿಸುವಾಗಲೇ ಬೂಷ್ಟಿನ ಮುದ್ದೆಯಾಗಿ ಕೈಗೆ ಬರುತ್ತವೆ. ಮುದ್ದೆಯನ್ನು ಬಕೆಟ್ಟಿಗೆ ಹಾಕಿ ಹೆಸರಿನ ಚೀಟಿಯನ್ನಷ್ಟೇ ಎತ್ತಿಡುತ್ತಾರೆ.

ಒಣಗಿಸಿದ ಗಿಡವನ್ನು ದಪ್ಪ ಹಾಳೆಗೆ ಅಂಟಿಸುವುದು, ದಂಟಿಗೆ ದಾರದ ಹೊಲಿಗೆ ಹಾಕುವುದು, ಮೂಲೆಯಲ್ಲಿ ಲ್ಯಾಟಿನ್ ಹೆಸರಿನ ಚೀಟಿ ಹಚ್ಚುವುದು ಇವರ ಕೆಲಸ. ದಿನಕ್ಕೆ ಹದಿನಾಲ್ಕು ಹಾಳೆ, ಇಪ್ಪತ್ತೊಂಬತ್ತು ವರ್ಷ. ಅಂಟಕ್ಕ ಎಂದು ಕರೆದವರು ವಿದ್ಯಾರ್ಥಿಗಳು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಹಾಳೆಗಳನ್ನು ಗಿಡದ ಕುಟುಂಬದ ಪ್ರಕಾರ ಜೋಡಿಸಬೇಕು. ಕೆಲಸಕ್ಕೆ ಸೇರಿದ ವರ್ಷ ಅದು ತಿಳಿಯದೆ ಇವರು ಹೆಸರಿನ ಎರಡನೇ ಪದ ನೋಡಿ ಜೋಡಿಸಿದರು. 'ಅಫಿಸಿನಾಲಿಸ್' ಎಂದಿದ್ದ ಗಿಡಗಳೆಲ್ಲ ಕೊನೆಯ ಕಪಾಟು ಸೇರಿದವು. ಈಗ ತೀರಿಕೊಂಡಿರುವ ದೊಡ್ಡ ಮೇಷ್ಟ್ರು ನೋಡಿ ನಕ್ಕರಂತೆ. ಉಳಿದದ್ದನ್ನು ಸರಿಪಡಿಸಿ, ಇದೊಂದು ಕಪಾಟನ್ನು ಹಾಗೇ ಬಿಟ್ಟು, ಪದದ ಹುಟ್ಟು ಹೇಳಿಕೊಟ್ಟರು.

"ಮೊದ್ಲು 'ಅಫಿಸಿನಾ' ಅಂದ್ರೆ ಕೆಲಸಗಾರರ ಕೋಣೆ ಅಂತಿತ್ತಂತೆ. ಆಮೇಲೆ ಯುರೋಪಿನ ಸನ್ಯಾಸಿಗಳು ಔಷಧಿ ಇಡೋ ಕೋಣೆಗೂ ಅದೇ ಹೆಸ್ರು ಬಂತು. ಆ ಕೋಣೆ ಗಿಡ ಅಂದ್ರೆ ಮದ್ದಿನ ಗಿಡ" ಎನ್ನುತ್ತಾರೆ ಅಂಟಕ್ಕ.

ಮಲ್ಲಿಗೆ, ಶುಂಠಿಗಳ ಲ್ಯಾಟಿನ್ ಹೆಸರು ನಪುಂಸಕಲಿಂಗ. ಅಲ್ಲಿ ಪದ 'ಅಫಿಸಿನಾಲೆ' ಆಗುತ್ತದೆ. ಎಂ.ಎಸ್ಸಿ. ಓದುವವರು ತಪ್ಪಿ ಬರೆದ ಚೀಟಿಗಳನ್ನು ತಿದ್ದುವುದು ಅಂಟಕ್ಕನೇ.

ಕಳೆದ ತಿಂಗಳು ಕಾಲೇಜಿಗೆ ಹತ್ತು ದಿನ ರಜೆಯಿದ್ದಾಗ ಕೊನೆಯ ಕಪಾಟಿನ ಮೇಲಿನ ನೀರಿನ ಪೈಪು ಒಡೆಯಿತು. ಬೇರೆ ಯಾವ ಕಪಾಟಿಗೂ ಹನಿ ತಾಗಲಿಲ್ಲ. ಯಾರೂ ಇವರನ್ನು ದೂರಲಿಲ್ಲ.

"ತಪ್ಪು ನಂದೇ. ಮೇಷ್ಟ್ರು ಬಿಟ್ರು ಅಂತ ನಾನೂ ಬಿಟ್ಟೆ. ಅದರದರ ಕುಟುಂಬದ ಜೊತೆ ಇಟ್ಟಿದ್ರೆ ಎಲ್ಲೋ ನಾಲ್ಕು ಹೋಗ್ತಿತ್ತು."

ಮತ್ತೆ ತರೋಣವೆಂದರೆ, ಹೆಚ್ಚಿನವನ್ನು ಕಿತ್ತು ತಂದ ಗುಡ್ಡ ಈಗ ಕಲ್ಲುಗಣಿ. ಫೋಟೋ ತೆಗೆದಿಟ್ಟವರಿಲ್ಲ.

ಜೊತೆಗಿರುವ ತಂಗಿ ಬುತ್ತಿ ತಂದವಳು ಬಕೆಟ್ಟು ನೋಡಿ, "ಭಾವ ಹೋದಾಗ್ಲೂ ನೀನು ಇಷ್ಟು ಅತ್ತಿರ್ಲಿಲ್ಲ" ಎಂದು ಚುಚ್ಚುತ್ತಾಳೆ.

"ಅವ್ರಿಗೆ ಅಳೋಕೆ ನೀವೆಲ್ಲ ಇದ್ರಿ ಕಣೆ. ಇವಕ್ಕೆ ಯಾರಿದ್ದಾರೆ?"

ನಿವೃತ್ತಿಗೆ ಐದು ತಿಂಗಳಿದೆ. ಅಷ್ಟರೊಳಗೆ, ಉಳಿದ ಹಾಳೆಗಳನ್ನು ಅವುಗಳ ಕುಟುಂಬದ ಕಪಾಟಿಗೆ ಸೇರಿಸಿ ಹೋಗಬೇಕು ಎನ್ನುವುದಷ್ಟೇ ಆಸೆ. ಅದಕ್ಕೆ ಐದು ತಿಂಗಳು ಬೇಡ. ಆ ಕಪಾಟಿನಲ್ಲಿದ್ದದ್ದು ನೂರಹನ್ನೆರಡು ಹಾಳೆ. ಎಲ್ಲ ಬಿಡಿಸಿ ನೋಡಿದಾಗ ಉಳಿದದ್ದು ಒಂಬತ್ತು. ಹೋದದ್ದು ನೂರಮೂರು.