ಕೆಲಸಗಳ್ಳ ಬೆರಳಿನ ಸಾಕ್ಷಿ

ಬೆಳಗಿನ ಐದೂಕಾಲು. ಸಂಚಾರಿ ಆಸ್ಪತ್ರೆಯ ಒಂಬತ್ತು ವ್ಯಾನುಗಳು ಶೆಡ್ಡಿನಲ್ಲಿ ಇನ್ನೂ ತೂಕಡಿಸುತ್ತಿವೆ. ಮೂಲೆಯ ಕೋಣೆಯಲ್ಲಿ ಮಾತ್ರ ದೀಪ. ಚಾರ್ಜಿಗಿಟ್ಟ ಟ್ಯಾಬ್‌ಗಳನ್ನು ಒಂದೊಂದೇ ಎತ್ತಿ, ಮಗುವಿನ ಮುಖ ಒರೆಸುವ ಹಾಗೆ ಗಾಜು ಒರೆಸುತ್ತಿದ್ದಾರೆ ಟ್ಯಾಬಕ್ಕ. ಇಲ್ಲಿನ ಇಪ್ಪತ್ತೇಳು ನರ್ಸುಗಳ ಬಾಯಲ್ಲಿ ಅವರ ಹೆಸರೇ ಅದು.

"ಸಾಲಾಗಿ ಬನ್ರಮ್ಮಾ, ಎಡಗೈ ಕಿರುಬೆರಳು!"

"ಸ್ಕೂಲಲ್ಲಿ ಒಂದಕ್ಕೆ ಹೋಗೋಕೆ ತೋರಿಸ್ತಿದ್ವಿ, ಈಗ ಡ್ಯೂಟಿಗೂ ತೋರಿಸ್ಬೇಕಾ?" ಸಾಲಿನಲ್ಲೊಬ್ಬಳು ಕಿಚಾಯಿಸುತ್ತಾಳೆ.

ರೋಗಿಗಳ ಗುಟ್ಟೆಲ್ಲ ಈ ಟ್ಯಾಬ್‌ಗಳಲ್ಲಿದೆ. ತೆರೆಯಲು ಬೆರಳಚ್ಚು ಬೇಕು, ತಪ್ಪಿದರೆ ಪಾಸ್‌ವರ್ಡ್. ಆದರೆ ದಿನಕ್ಕೆ ಎಪ್ಪತ್ತು ಸಲ ಸೋಪು, ಸ್ಪಿರಿಟ್ಟು ಕಂಡ ಬೆರಳುಗಳಲ್ಲಿ ಗೆರೆಗಳೇ ಉಳಿದಿಲ್ಲ. ಹಾಗಾಗಿ ಎಲ್ಲರೂ ಹಿರಿಯ ನರ್ಸ್ ದೊಡ್ಡಕ್ಕನ ಪಾಸ್‌ವರ್ಡಿನಲ್ಲೇ ಕಾಲ ತಳ್ಳುತ್ತಿದ್ದರು. ಪ್ಲಾಸ್ಟರಿನ ತುಂಡಿನ ಮೇಲೆ ಬರೆದು ಪ್ರತಿ ವ್ಯಾನಿನಲ್ಲೂ ಅಂಟಿಸಿದ್ದರು. ಹೋದ ತಿಂಗಳು ಯಾರೋ ಔಷಧಿಯ ಪ್ರಮಾಣ ತಪ್ಪಾಗಿ ನಮೂದಿಸಿದರು. ಪುಣ್ಯಕ್ಕೆ, ರೋಗಿಗೆ ಕೊಡುವ ಮೊದಲೇ ಗೊತ್ತಾಯಿತು. ನೋಟಿಸ್ ಬಂದದ್ದು ಮಾತ್ರ ಅವತ್ತು ರಜೆಯಲ್ಲಿದ್ದ ದೊಡ್ಡಕ್ಕನಿಗೆ. ಅವರ ನಿವೃತ್ತಿಗೆ ಒಂದೇ ವರ್ಷ. ಕಚೇರಿಯ ಷರತ್ತು ಇಷ್ಟು: ಒಂದು ವಾರ ಎಲ್ಲರೂ ಅವರವರ ಹೆಸರಲ್ಲೇ ಟ್ಯಾಬ್ ತೆರೆದು ಹೊತ್ತಿಗೆ ಸರಿಯಾಗಿ ಹೊರಟರೆ ನೋಟಿಸ್ ವಾಪಸ್, ಒಬ್ಬರು ತಪ್ಪಿದರೂ ವಿಚಾರಣೆ.

ಟ್ಯಾಬಕ್ಕ ಹಿಂದೆ ರಸ್ತೆ ಬದಿ ಮೊಬೈಲ್ ರಿಪೇರಿ ಮಾಡುತ್ತಿದ್ದವರು. ಈಗ ಇಲ್ಲಿ ಟ್ಯಾಬ್‌ಗಳ ಉಸ್ತುವಾರಿ ಅವರದು; ಮಲಗಿದ ಮಗಳನ್ನು ಅಜ್ಜಿಯ ಮಗ್ಗುಲಿಗೆ ಸರಿಸಿ ಮೊದಲ ಬಸ್ಸಿಗೆ ಓಡಿಬರುತ್ತಾರೆ. ಷರತ್ತು ಕೇಳಿದ್ದೇ, ಇನ್ನೂರೆಪ್ಪತ್ತು ಬೆರಳನ್ನೂ ಯಂತ್ರಕ್ಕೆ ಒತ್ತಿಸಿ ನೋಡಿ, ಎಲ್ಲರಿಗೂ ಹೇಳಿದರು: "ಎಡಗೈ ಕಿರುಬೆರಳು ಕೆಲಸಗಳ್ಳ. ನೆಟ್ಟಗೆ ಏನೂ ತಿಕ್ಕಲ್ಲ, ತೊಳೆಯಲ್ಲ. ಅದಕ್ಕೇ ಗೆರೆ ಉಳಿಸ್ಕೊಂಡಿದೆ. ಜೊತೆಗೆ ಒಬ್ಬೊಬ್ಬರಿಗೂ ಒಂದೊಂದು ಗುಟ್ಟಿನ ನಂಬರ್. ಒಡಹುಟ್ಟಿದ ತಂಗಿಗೂ ಹೇಳ್ಬೇಡಿ."

ಇವತ್ತು ಏಳನೇ ದಿನ. ಇಪ್ಪತ್ತಾರು ಮಂದಿಯದು ಮುಗಿದಿದೆ. ಕೊನೆಗೆ ದೊಡ್ಡಕ್ಕ ಬೆರಳಿಡುತ್ತಾರೆ. ಕೆಂಪು ದೀಪ. ಮತ್ತೊಮ್ಮೆ. ಮತ್ತೆ ಕೆಂಪು. ಮೂರನೆಯದೂ ತಪ್ಪಿದರೆ ಟ್ಯಾಬ್ ಇಡೀ ದಿನ ತೆರೆಯುವುದಿಲ್ಲ.

"ಮೂವತ್ತೊಂದು ವರ್ಷ ಆಯ್ತಲ್ಲೇ, ಇದೂ ಸವೆದಿದೆ. ಹಳೇ ಪಾಸ್‌ವರ್ಡೇ ಹಾಕ್ಬಿಡ್ಲಾ?"

"ಸುಮ್ನಿರಿ ದೊಡ್ಡಕ್ಕಾ. ಎಲ್ಲರಿಗೂ ಗೊತ್ತಿರೋ ಪಾಸ್‌ವರ್ಡು ಲೆಕ್ಕಕ್ಕಿಲ್ಲ. ಬೆರಳು ಐಸ್ ಆಗಿದೆ, ಅಷ್ಟೇ."

ಟ್ಯಾಬಕ್ಕ ಆ ಕೈಯನ್ನು ತಮ್ಮ ಅಂಗೈಗಳ ನಡುವೆ ಹಿಡಿದು ಉಜ್ಜುತ್ತಾರೆ, ಹಾ ಎಂದು ಬಿಸಿಯುಸಿರು ಊದುತ್ತಾರೆ. ದೊಡ್ಡಕ್ಕ ಮೂರನೇ ಸಲ ಬೆರಳಿಡುತ್ತಾರೆ.

ಹಸಿರು.

ಆರಕ್ಕೆ ಸರಿಯಾಗಿ ಒಂಬತ್ತೂ ವ್ಯಾನುಗಳು ಗೇಟು ದಾಟುತ್ತವೆ. ಟ್ಯಾಬಕ್ಕನ ಅಂಗೈಯಲ್ಲಿ ಕಿತ್ತು ತೆಗೆದ ಒಂಬತ್ತು ಪ್ಲಾಸ್ಟರ್ ತುಂಡುಗಳ ಉಂಡೆ.

"ಇನ್ಮೇಲೆ ದೊಡ್ಡಕ್ಕನ ಹೆಸರಲ್ಲಿ ದೊಡ್ಡಕ್ಕ ಮಾಡಿದ್ದು ಮಾತ್ರ ಇರುತ್ತೆ," ಎನ್ನುತ್ತಾರೆ. "ನಂಗಷ್ಟು ಸಾಕು."